ಅಪ್ಪನ ಹುಲಿ, ಕಾಕಾನ ಹಸು

ಗೆಳೆಯರೇ, ಇವತ್ತು ನಮ್ಮ ಮನೆಯನ್ನು ಒಂದು ತ್ರಾಪಿಜ್ಯ ಉಳಿಸಿತು.

ಹಾರೂಗೇರಿಯ ನಮ್ಮ ಖಾಲಿ ಜಾಗದ ನಡುವೆ ಹಳೆಯದೊಂದು ಓರೆ ಗೋಡೆಯಿದೆ. ಅದನ್ನೇ ಗಡಿ ಮಾಡಿ ಅಪ್ಪ, ಕಾಕಾ ಬೆಳಿಗ್ಗೆ ಪಾಲು ಹಂಚಿಕೊಂಡರು. ಕಾಕಾನದು ರಸ್ತೆಯ ಕಡೆ ಇಪ್ಪತ್ತು ಅಡಿ, ಹಿಂದೆ ಮೂವತ್ತು. ಅಪ್ಪನದು ಮುಂದೆ ಮೂವತ್ತು, ಹಿಂದೆ ಇಪ್ಪತ್ತು. ಚಹಾ ಬರುವಷ್ಟರಲ್ಲಿ ಜಗಳ ಶುರು.

"ಅಣ್ಣಾ, ರಸ್ತಾ ಕಡೆ ದೊಡ್ಡದು ನೀನ ಹೊಡಕೊಂಡಿ. ನಾ ಅಂಗಡಿ ಎಲ್ಲಿ ಹಾಕ್ಲಿ?" ಎಂದರು ಕಾಕಾ.

"ನಿಂದ ದೊಡ್ಡದೈತಲೇ! ಹಿಂದ ಅಗಲ ಆಗ್ಕೋತ ಹೋಗೈತಿ, ಗೋಮುಖ! ನಂದು ವ್ಯಾಘ್ರಮುಖ, ವಾಸ್ತು ಪ್ರಕಾರ ಮನಿ ಕಟ್ಟಾಕ ನಡಿಯಂಗಿಲ್ಲ," ಎಂದರು ಅಪ್ಪ.

ಇಬ್ಬರೂ ಮುಖ ತಿರುಗಿಸಿ ಕುಳಿತರು. ನಾನೋ ಗಣಿತದ ಮಾಸ್ತರ, ಸುಮ್ಮನಿರಲಾಗಲಿಲ್ಲ. ಇದ್ದಿಲಿನಿಂದ ನೆಲದ ಮೇಲೆ ಎರಡೂ ಪಾಲು ಬರೆದೆ: ಒಂದು ಬದಿ ಕಿರಿದು, ಎದುರು ಬದಿ ಅಗಲ, ಅದೇ ತ್ರಾಪಿಜ್ಯ. ಇಪ್ಪತ್ತು, ಮೂವತ್ತು ಕೂಡಿಸಿ ಅರ್ಧ ಮಾಡಿದರೆ ಇಪ್ಪತ್ತೈದು. ಅದನ್ನು ಉದ್ದ ನಲವತ್ತರಿಂದ ಗುಣಿಸಿದರೆ ಸಾವಿರ ಚದರಡಿ. ಹಸುವಿಗೂ ಅಷ್ಟೇ, ಹುಲಿಗೂ ಅಷ್ಟೇ.

ಬೆಳ್ಳುಳ್ಳಿ ಸುಲಿಯುತ್ತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ತಲೆ ಎತ್ತಿದರು. "ಎರಡೂ ಸಮ ಅದಾವು ಅಂದ್ರ ಅದಲಾಬದಲಿ ಮಾಡ್ಕೋರಿ, ಭಾವಾರ. ನಿಮಗ ಗೋಮುಖ, ಇವರಿಗೆ ರಸ್ತಾ."

ಅಣ್ಣ ತಮ್ಮನ ಮುಖ ನೋಡಿದರು, ತಮ್ಮ ನಕ್ಕುಬಿಟ್ಟರು. ನನಗೆ ಹೋದ ಜೀವ ಬಂದಂತಾಯಿತು.

ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಸಂಜೆ ಗೌಂಡಿಯನ್ನು ಕರೆತಂದರು. ಅವನು ಜಾಗ ನೋಡಿದವನೇ, "ಈ ಗ್ವಾಡಿ ಸೊಟ್ಟ ಐತ್ರಿ. ಕೆಡವಿ ನೆಟ್ಟಗ ಕಟ್ಟೂಣೇನ್ರಿ?" ಎಂದ.

ಮನೆಮಂದಿಯೆಲ್ಲ ಒಂದೇ ದನಿಯಲ್ಲಿ ಕೂಗಿದೆವು: "ಬ್ಯಾಡೋ ಮಾರಾಯಾ!"