ಅಣ್ಣನ ನಂಬರಿಗೆ ಹೋದ ಕೋಡು

ಡಿಪೋದಲ್ಲಿ ಅವನನ್ನು ಎಲ್ಲರೂ ಬ್ರೇಕಪ್ಪ ಎಂದೇ ಕರೆಯುತ್ತಿದ್ದರು. ಖಾಲಿ ರಸ್ತೆಯಲ್ಲೂ ಬ್ರೇಕಿನ ಮೇಲೆ ಕಾಲಿಟ್ಟೇ ಬಸ್ಸು ಓಡಿಸುವ ಆಸಾಮಿ. ಸೈಕಲ್ಲಿನವರು ಬೆಲ್ಲು ಹೊಡೆದು ಮುಂದೆ ಹೋಗುತ್ತಿದ್ದರು. ಆದರೆ ಡ್ಯೂಟಿ ಮುಗಿಸಿ ಬಂದು ಮೊಬೈಲಿನಲ್ಲಿ ಕಾರ್ ರೇಸಿನ ಆಟ ತೆರೆದನೆಂದರೆ ಮನುಷ್ಯನೇ ಬೇರೆ. ಅಲ್ಲಿ ಅವನದೊಂದು ತಂಡವಿತ್ತು, ತಂಡಕ್ಕೆ ಅವನೇ ನಾಯಕ. ದಿನವಿಡೀ ಪ್ರಯಾಣಿಕರ ಬೈಗುಳ, ಮ್ಯಾನೇಜರನ ಬೈಗುಳ ನುಂಗಿಕೊಂಡು ಬಂದವನನ್ನು ‘ಕ್ಯಾಪ್ಟನ್’ ಎಂದು ಕರೆಯುವ ಜಾಗ ಲೋಕದಲ್ಲಿ ಅದೊಂದೇ ಆಗಿತ್ತು.

ಅಂಥವನಿಗೆ ಒಂದು ಮಧ್ಯಾಹ್ನ ಮೆಸೇಜು ಬಂತು: ‘ನೀವು ಮೋಸದಿಂದ ಆಡುತ್ತೀರೆಂದು ದೂರು ಬಂದಿದೆ. ನಿಮ್ಮ ಖಾತೆಯನ್ನು ಮುಚ್ಚಲಾಗುವುದು. ಆಕ್ಷೇಪವಿದ್ದರೆ ಇಲ್ಲಿ ಒತ್ತಿ.’ ಬಹುಮಾನದ ಆಸೆ ತೋರಿಸಿದ್ದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಮೋಸಗಾರ ಎಂದದ್ದಕ್ಕೆ ಮೈಯೆಲ್ಲ ಉರಿದುಹೋಯಿತು. ಒತ್ತಿದ, ಪಾಸ್‌ವರ್ಡ್ ಹಾಕಿದ, ಕಂಪನಿಯವರ ಜನ್ಮ ಜಾಲಾಡಿ ಬರೆದು ಕಳಿಸಿದ. ಆ ಪುಟ ಕಂಪನಿಯದೇ ಆಗಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಸಂಜೆ ಆಟ ತೆರೆದರೆ ಪಾಸ್‌ವರ್ಡ್ ತಪ್ಪು ಎನ್ನುತ್ತಿತ್ತು. ಒಳಗೆ ಕೂತ ಕಳ್ಳ ಇವನ ಹೆಸರಿನಲ್ಲೇ ತಂಡದವರಿಗೆಲ್ಲ ಅದೇ ಲಿಂಕು ಕಳಿಸುತ್ತಿದ್ದ. ಒಬ್ಬ ಫೋನು ಮಾಡಿ, “ನಿಮ್ಮನ್ನ ನಂಬಿ ಒತ್ತಿದೆ, ನನ್ನ ಖಾತೆನೂ ಹೋಯ್ತು,” ಎಂದು ಬಾಯಿಗೆ ಬಂದಂತೆ ಬೈದ.

ಕಂಪನಿಯ ನಿಜವಾದ ಸಹಾಯದ ಪುಟ ಹುಡುಕಿದರೆ, ಖಾತೆ ತೆರೆದಾಗ ಕೊಟ್ಟ ನಂಬರಿಗೆ ಕೋಡು ಕಳಿಸುತ್ತೇವೆ ಎಂದಿತು. ಕೊನೆಯ ಅಂಕಿಗಳನ್ನು ನೋಡಿ ಬ್ರೇಕಪ್ಪನ ಮುಖ ಹುಳ್ಳಗಾಯಿತು. ಅದು ಅಣ್ಣನ ನಂಬರು. ಆ ಕಾಲದಲ್ಲಿ ಗ್ಯಾಸಿಗೂ ಬ್ಯಾಂಕಿಗೂ ಆಟಕ್ಕೂ ಅಣ್ಣನ ನಂಬರನ್ನೇ ಕೊಡುವುದು ಮನೆಯ ಪದ್ಧತಿಯಾಗಿತ್ತು.

ಅಣ್ಣ ಇರುವುದು ಮೇಲಿನ ಮಹಡಿಯಲ್ಲೇ. ಆದರೆ ಅಪ್ಪನ ಹಳೇ ಕಾರನ್ನು ಅವನು ಹೇಳದೆ ಕೇಳದೆ ಮಾರಿದಂದಿನಿಂದ ಮಾತಿಲ್ಲ. ಅವತ್ತು ಬ್ರೇಕಪ್ಪ ನಡುಬೀದಿಯಲ್ಲಿ ನಿಂತು ಅಣ್ಣನನ್ನು ಕಳ್ಳ ಎಂದಿದ್ದ. ಬೀದಿಯವರೆಲ್ಲ ಕಿಟಕಿಗೆ ಬಂದು ಕೇಳಿದ್ದರು.

“ಹೋಗಿ ಕೇಳಿ,” ಎಂದಳು ಹೆಂಡತಿ. “ನಿಮ್ಮ ಮಾತಲ್ಲೇ ಹೇಳೋದಾದ್ರೆ, ಒಬ್ಬ ಕಳ್ಳನ್ನ ಓಡಿಸೋಕೆ ಇನ್ನೊಬ್ಬ ಕಳ್ಳನ ಹತ್ರ ಹೋಗೋ ಹಾಗಾಯ್ತು.”

ಕೋಡು ಕಳಿಸಲು ಒತ್ತಿ ಮೆಟ್ಟಿಲು ಹತ್ತಿದ. ಅಣ್ಣ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ, ತಲೆ ಎತ್ತಲಿಲ್ಲ.

“ನಿನ್ನ ಫೋನಿಗೆ ಒಂದು ಕೋಡ್ ಬಂದಿರತ್ತೆ. ಅದು ಬೇಕು.”

“ಬಂದಿದೆ.” ಅಣ್ಣ ಫೋನನ್ನು ಮಗುಚಿ ಇಟ್ಟ. “ಬಹಳ ಹೊತ್ತು ಇರಲ್ಲ ಅಂತಾನೂ ಬರ್ದಿದ್ದಾರೆ. ಅವತ್ತು ಬೀದೀಲಿ ಅಂದ ಮಾತು ವಾಪಸ್ ತಗೋ, ಆಮೇಲೆ ನೋಡೋಣ.”

“ಕೇಳದೆ ಮಾರಿದ್ದು ನೀನು ತಾನೇ?”

“ಹಾಗಿದ್ರೆ ಕೆಳಗೆ ಹೋಗು.”

ಅಣ್ಣ ಕಾಲರನ್ನು ಇನ್ನೊಮ್ಮೆ ತಿಕ್ಕಿದ. ಬ್ರೇಕಪ್ಪನಿಗೆ ಆ ಇಸ್ತ್ರಿಪೆಟ್ಟಿಗೆಯನ್ನು ಕಿತ್ತು ಬೀದಿಗೆ ಎಸೆಯುವಷ್ಟು ರೋಷ. ಆದರೆ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು. ತಂಡದವರು ಒಬ್ಬೊಬ್ಬರೇ ಬಲೆಗೆ ಬಿದ್ದು ಇವನನ್ನೇ ಶಪಿಸುತ್ತಿದ್ದರು. ಹಲ್ಲು ಕಚ್ಚಿಕೊಂಡು, “ನೀನು ಕಳ್ಳ ಅಲ್ಲ,” ಎಂದ.

“ಕೇಳಿಸ್ಲಿಲ್ಲ.”

“ಕಳ್ಳ ಅಲ್ಲ ಅಣ್ಣ.”

ಅಣ್ಣ ಒಂದು ಗಳಿಗೆ ಅವನ ಮುಖ ನೋಡಿ ಅಂಕಿಗಳನ್ನು ಓದಿದ.

ಕೆಳಗೆ ಬಂದವನೇ ಖಾತೆಗೆ ನುಗ್ಗಿ ಪಾಸ್‌ವರ್ಡ್ ಬದಲಿಸಿದ, ಬೇರೆ ಎಲ್ಲ ಫೋನುಗಳಿಂದಲೂ ಖಾತೆಯನ್ನು ಹೊರಹಾಕಿ ಕಳ್ಳನ ಕತ್ತು ಹಿಡಿದು ದಬ್ಬಿದ, ಲಿಂಕು ಮುಟ್ಟಬೇಡಿ ಎಂದು ತಂಡಕ್ಕೆಲ್ಲ ಬರೆದ. ಹೊಸಬರು ಯಾರೇ ಒಳಬಂದರೂ ಕೋಡು ಕೇಳುವ ಎರಡನೇ ಬೀಗವನ್ನೂ ಜಡಿದ. ಕೊನೆಗೆ ಅಣ್ಣನ ನಂಬರನ್ನು ಅಳಿಸಿ ತನ್ನದನ್ನು ಹಾಕಿದ.

“ಒಂದು ಮಾತು ಹೇಳಿ ತೆಗೀಬಾರದಾ?” ಎಂದಳು ಹೆಂಡತಿ.

“ಯಾಕೆ ಹೇಳ್ಬೇಕು?”

ಹೇಳುವ ಕೆಲಸವನ್ನು ಅಣ್ಣನ ಫೋನಿಗೆ ಮೆಸೇಜು ಕಳಿಸಿ ಕಂಪನಿಯೇ ಮಾಡಿತ್ತು. ಮೆಟ್ಟಿಲಿನ ಮೇಲೆ ಚಪ್ಪಲಿ ಸದ್ದಾಯಿತು. ಆ ಜಗಳವಾದ ಮೇಲೆ ಅಣ್ಣ ಈ ಬಾಗಿಲಿಗೆ ಬಂದದ್ದು ಇದೇ ಮೊದಲು. ಕೈಯಲ್ಲಿ ಫೋನಿತ್ತು. ಮೇಲಿದ್ದಾಗಿನ ಬಿಗುಮಾನ ಮುಖದಲ್ಲಿರಲಿಲ್ಲ.

“ನನ್ನ ನಂಬರ್ ತೆಗೆದ್ಯಂತೆ.”

“ಹೌದು.”

“ಸರಿ, ಖಾತೆ ನಿಂದು. ಆಗ ಮೇಲೆ ಬಂದು ಕಳ್ಳ ಅಲ್ಲ ಅಣ್ಣ ಅಂದ್ಯಲ್ಲ, ಅದು ನಿಜಾನಾ?”

“ಕೋಡ್ ಬೇಕಿತ್ತು,” ಎಂದ ಬ್ರೇಕಪ್ಪ.

ಅಣ್ಣ ಬಾಗಿಲನ್ನು ತಾನೇ ಎಳೆದುಕೊಂಡು ಹೋದ.