ವಿಶ್ವ ಮುಗಿದ ಮೇಲೆ ಹುಟ್ಟಿದ ಸೂರ್ಯ

ನಮ್ಮಕ್ಕ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನಾನು ನೇರವಾಗಿ ಹೇಳುವುದಿಲ್ಲ. ಅವಳು ಸೂರ್ಯನನ್ನು ಹುಟ್ಟಿಸುತ್ತಾಳೆ ಎನ್ನುತ್ತೇನೆ. ಕೇಳಿದವರು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡುತ್ತಾರೆ. ಸ್ವಲ್ಪ ಹೊತ್ತು ಹಾಗೇ ನೋಡಲು ಬಿಟ್ಟು, ಆಮೇಲೆ ತಾರಾಲಯದಲ್ಲಿದ್ದಾಳೆ, ಪ್ರತಿ ಪ್ರದರ್ಶನಕ್ಕೂ ಒಂದು ಸಲ ಸೂರ್ಯನನ್ನು ಮುಳುಗಿಸಿ ಮತ್ತೆ ಹುಟ್ಟಿಸುವುದು ಅವಳ ಕೆಲಸ ಎಂದು ಬಿಡಿಸಿ ಹೇಳುತ್ತೇನೆ. ಜಂಬ ಅನ್ನಿಸಿದರೆ ಅನ್ನಿಸಲಿ. ಜಂಬಪಡುವಂಥ ಅಕ್ಕ ಎಲ್ಲರಿಗೂ ಸಿಗುವುದಿಲ್ಲ.

ತಾರಾಲಯ ಎಂದರೆ ಒಂದು ದೊಡ್ಡ ಗುಮ್ಮಟ. ಒಳಗೆ ನಡುಮಧ್ಯೆ ಕಟ್ಟಿರುವೆಯ ಹಾಗೆ ಎರಡು ಕಡೆ ಉಬ್ಬಿಕೊಂಡ ಕಪ್ಪು ಯಂತ್ರ. ಅದರ ಮೈತುಂಬ ತೂತು. ಆ ತೂತುಗಳಿಂದ ಬರುವ ಬೆಳಕೇ ಗುಮ್ಮಟದ ಮೇಲೆ ನಕ್ಷತ್ರವಾಗುತ್ತದೆ. ಸುತ್ತಲೂ ಒಂದೇ ಕಡೆಗೆ ಮುಖ ಮಾಡಿ ಹಿಂದಕ್ಕೆ ವಾಲುವ ಕುರ್ಚಿಗಳ ಸಾಲು. ಎಲ್ಲಕ್ಕಿಂತ ಹಿಂದೆ, ಕೆಂಪು ಬಲ್ಬಿನ ಮಂಕು ಬೆಳಕಿನಲ್ಲಿ ಅಕ್ಕನ ಮೇಜು. ಮೇಜಿನ ಮೇಲೆ ಮೈಕು, ಹಳೆಯ ರೇಡಿಯೋದಲ್ಲಿರುವಂಥ ತಿರುಗಿಸುವ ಗುಂಡಿಗಳ ಸಾಲು. ಪ್ರದರ್ಶನ ಶುರುವಾಗುವಾಗ ಅವಳು ಸೂರ್ಯನನ್ನು ಗುಮ್ಮಟದ ಅಂಚಿನಲ್ಲಿ ಕಾಣುವ ಊರಿನ ಮಾಳಿಗೆಗಳ ಹಿಂದೆ ಇಳಿಸುತ್ತಾಳೆ. ಮುಗಿಯುವಾಗ ಎಡಗೈಗೆ ಸಿಗುವ ಕೊನೆಯ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಎದುರುಗಡೆಯಿಂದ ಮತ್ತೆ ಮೇಲೆತ್ತುತ್ತಾಳೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ದೀಪ ಒಮ್ಮೆಲೇ ಹೊಡೆಯಬಾರದು, ಅದಕ್ಕೆ ಈ ಏರ್ಪಾಡು.

ಈ ಅಭ್ಯಾಸ ಅವಳ ಕೈಗೆ ಎಷ್ಟು ಅಂಟಿಕೊಂಡಿದೆ ಎಂದರೆ, ಮನೆಯಲ್ಲಿ ಊಟಕ್ಕೆ ಕೂತು ಏನಾದರೊಂದು ಸುದ್ದಿ ಹೇಳಿ ಮುಗಿಸುವಾಗಲೂ ಎಡಗೈ ತಾನಾಗಿ ಗಾಳಿಯಲ್ಲಿ ತಿರುಗುತ್ತದೆ.

"ನೋಡೇ ಇವಳ ಕೈನ," ಎಂದು ಅಮ್ಮ ನನಗೆ ಕಣ್ಸನ್ನೆ ಮಾಡುತ್ತಾಳೆ. "ಊಟದ ತಟ್ಟೆ ಮೇಲೂ ಬೆಳಗು ಮಾಡ್ತಾಳೆ."

ಅಕ್ಕ ಅಲ್ಲಿಗೆ ಸೇರಿದ್ದು ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ. ಒಳಗೆ ವಿವರಣೆ ಹೇಳುತ್ತಿದ್ದ ಹಿರಿಯರೊಬ್ಬರ ಗಂಟಲು ಒಂದು ದಿನ ಪೂರ್ತಿ ಕಟ್ಟಿಹೋಯಿತು. ಶಾಲೆಯ ಮಕ್ಕಳು ಬಂದು ಕೂತುಬಿಟ್ಟಿದ್ದರು. ಬಾಗಿಲ ಪರದೆಯ ಆಚೆ ನಿಂತು ಕೇಳಿ ಕೇಳಿ ಅಕ್ಕನಿಗೆ ಎಲ್ಲ ಬಾಯಿಪಾಠವಾಗಿತ್ತು. ಅವತ್ತು ಮೈಕು ಹಿಡಿದವಳು ಮತ್ತೆ ಬಿಡಲಿಲ್ಲ. ಆಮೇಲೆ ಸಂಜೆ ತರಗತಿಗೆ ಹೋಗಿ ಪದವಿಯನ್ನೂ ಮಾಡಿಕೊಂಡಳು. ಅಂದಹಾಗೆ ಆ ಬಾಗಿಲಿನ ದಪ್ಪ ಕಪ್ಪು ಪರದೆ ಹೊಲಿದವಳು ನಾನು. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಅಂಗಡಿ. ಆ ಕತ್ತಲಲ್ಲಿ ನನ್ನ ಪಾಲೂ ಇದೆ ಎಂದು ಅಕ್ಕನಿಗೆ ಆಗಾಗ ನೆನಪಿಸುತ್ತಿರುತ್ತೇನೆ.

ಅವಳು ಎಂಥವಳು ಎಂದು ತಿಳಿಯಬೇಕಾದರೆ ಒಂದು ಘಟನೆ ಹೇಳಬೇಕು. ಒಮ್ಮೆ ಪ್ರದರ್ಶನದ ಮಧ್ಯೆ ಕರೆಂಟು ಹೋಯಿತು. ನಕ್ಷತ್ರವೂ ಇಲ್ಲ, ಮೈಕೂ ಇಲ್ಲ, ಕೆಂಪು ಬಲ್ಬೂ ಇಲ್ಲ. ತುಂಬಿದ ಗುಮ್ಮಟದಲ್ಲಿ ಮಕ್ಕಳು ಅಳತೊಡಗಿದವು, ದೊಡ್ಡವರು ಎದ್ದು ಮುಗ್ಗರಿಸತೊಡಗಿದರು. ಅಕ್ಕ ಬರೀ ಗಂಟಲಿನಲ್ಲೇ ಮಾತಾಡಿದಳು. ಯಾರೂ ಏಳಬೇಡಿ, ನಿಮ್ಮ ಬಲಕ್ಕೆ ಬಾಗಿಲಿದೆ, ಪಕ್ಕದವರ ಕೈ ಹಿಡಿಯಿರಿ, ಈಗ ಮೊದಲ ಸಾಲಿನವರು ಏಳಿ. ಅವಳ ದನಿ ಹಿಡಿದುಕೊಂಡೇ ಅಷ್ಟೂ ಜನ ಹೊರಗೆ ಬಂದರು, ಒಬ್ಬರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ಹೊಗಳಿದರು. ಅಕ್ಕ ಮಾತ್ರ ಹಿಗ್ಗಲಿಲ್ಲ.

"ಬಾಗಿಲು ಎಡಕ್ಕಿದೆ ಅಂದಿದ್ರೆ ಎಡಕ್ಕೇ ಹೋಗ್ತಿದ್ರು ಕಣೇ," ಅಂದಳು. "ಕತ್ತಲಲ್ಲಿ ಕೂತವರಿಗೆ ದನಿ ಹೇಳಿದ್ದೇ ನಿಜ. ಅಂಥ ಕಡೆ ಗೊತ್ತಿಲ್ಲದ್ದನ್ನ ಹೇಳಬಾರದು."

ಅವತ್ತಿನಿಂದ ಅದೇ ಅವಳ ನಿಯಮ. ಗುಮ್ಮಟದ ಒಳಗೆ ಗೊತ್ತಿರುವುದನ್ನಷ್ಟೇ ಹೇಳುವುದು. ಈ ನಿಯಮವೇ ಮುಂದೆ ಅವಳ ಕುರ್ಚಿಗೆ ಸಂಚಕಾರ ತಂದಿತು.

ನಮ್ಮ ಅಮ್ಮ ದೇವರನ್ನು ನಂಬಿದವಳು. ನಂಬಿದವಳು ಎಂದರೆ ಸಾಲದು. ದೇವರ ಜೊತೆ ಪಕ್ಕದ ಮನೆಯವರ ಜೊತೆ ಮಾತಾಡಿದಂತೆ ಮಾತಾಡುತ್ತಾಳೆ, ಬೇಜಾರಾದರೆ ಎರಡು ದಿನ ಮಾತು ಬಿಡುತ್ತಾಳೆ. ಅಕ್ಕ ಸೇರಿ ಅಷ್ಟು ವರ್ಷವಾದರೂ ಅವಳು ತಾರಾಲಯಕ್ಕೆ ಕಾಲಿಟ್ಟಿರಲಿಲ್ಲ. ಆಕಾಶ ನೋಡೋಕೆ ಟಿಕೆಟ್ ಯಾಕೆ, ತಲೆ ಎತ್ತಿದರೆ ಸಾಕು ಎಂದು ಮೂಗು ಮುರಿಯುತ್ತಿದ್ದಳು. ನಿಜವಾದ ಕಾರಣ ನನಗೆ ಗೊತ್ತಿತ್ತು. ಮಗಳ ಬಾಯಿಂದ ದೇವರಿಲ್ಲ ಎಂಬ ಮಾತು ಎಲ್ಲಿ ಕೇಳಿಬಿಡಬೇಕಾಗುತ್ತದೋ ಎಂದು ಅವಳಿಗೆ ಭಯ.

ಹೀಗಿರುವಾಗ ತಾರಾಲಯದಲ್ಲಿ ಹೊಸ ಪ್ರದರ್ಶನವೊಂದು ತಯಾರಾಯಿತು. ವಿಶ್ವದ ಹುಟ್ಟು ಮತ್ತು ಕೊನೆ. ಬರೆದವರು ಹೊಸದಾಗಿ ಬಂದ ನಿರ್ದೇಶಕಿ. ಚಿಕ್ಕ ವಯಸ್ಸು, ಚುರುಕು ಬುದ್ಧಿ, ಮಾತು ಬಾಣ. ಬರೆದದ್ದೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎಲ್ಲವೂ ಒಂದು ಚುಕ್ಕೆಯಷ್ಟರಲ್ಲಿ ಒತ್ತಿಕೊಂಡಿದ್ದು ಹಿಗ್ಗಿದ್ದು, ನಕ್ಷತ್ರಗಳು ಹೊತ್ತಿಕೊಂಡದ್ದು, ಕೊನೆಗೆ ಊಹಿಸಲಾಗದಷ್ಟು ಕಾಲದ ಮೇಲೆ ಒಂದೊಂದಾಗಿ ಆರಿ ಎಲ್ಲ ತಣ್ಣಗಾಗುವುದು. ಗಲಾಟೆ ಎದ್ದದ್ದು ಕೊನೆಯ ಸಾಲಿಗೆ. ನಿರ್ದೇಶಕಿ ಬರೆದಿದ್ದರು: "ಇದನ್ನು ಶುರುಮಾಡಲು ಯಾರೂ ಬೇಕಿರಲಿಲ್ಲ." ತಾರಾಲಯದ ಸಮಿತಿಗೆ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಎಲ್ಲರ ಬಾಯಲ್ಲಿ ಜಡ್ಜ್ ಸಾಹೇಬರು. ಅವರು ಅದನ್ನು ಹೊಡೆದುಹಾಕಿ ಬರೆದರು: "ಶುರುವಾದದ್ದಕ್ಕೆ ಶುರುಮಾಡಿದವನು ಇರಲೇಬೇಕು."

ಹಗ್ಗಜಗ್ಗಾಟ ನಡೆದದ್ದು ಅಕ್ಕನ ಮೇಜಿನ ಮುಂದೆಯೇ. ಅವಳು ಮನೆಗೆ ಬಂದು ಇಬ್ಬರ ದನಿಯನ್ನೂ ಮಾಡಿ ತೋರಿಸುತ್ತಿದ್ದಳು.

"ಇಷ್ಟು ವರ್ಷ ಕೋರ್ಟಲ್ಲಿ ಕೂತೆ," ಇದು ಜಡ್ಜ್ ಸಾಹೇಬರು. "ತಾನಾಗೇ ಆಯ್ತು ಅಂದ ಒಬ್ಬರನ್ನೂ ನಾನು ನಂಬಲಿಲ್ಲ. ಒಂದು ಕಿಟಕಿ ಗಾಜು ಒಡೆದರೂ ಒಡೆದವರು ಇರ್ತಾರೆ."

"ಸರ್, ಕಿಟಕಿಗೆ ನಿನ್ನೆ ಅಂತ ಒಂದಿತ್ತು," ಇದು ನಿರ್ದೇಶಕಿ. "ಇಲ್ಲಿ ಕಾಲ ಅನ್ನೋದೇ ಆಗ ಶುರುವಾಗಿದ್ದು. ಮುಂಚೆ ಅನ್ನೋದೇ ಇಲ್ಲ ಅಂದ್ಮೇಲೆ ಮುಂಚೆ ಯಾರಿದ್ರು ಅಂತ ಹೇಗೆ ಕೇಳ್ತೀರಿ?"

"ಕೇಳಬಾರದು ಅಂದ್ರೆ ಸಾಕ್ಷಿ ಮುಚ್ಚಿಟ್ಟ ಹಾಗೆ."

"ಸರಿ ಸರ್, ಶುರುಮಾಡಿದವನನ್ನ ಶುರುಮಾಡಿದವರು ಯಾರು?"

ಅಲ್ಲಿಗೆ ಜಡ್ಜ್ ಸಾಹೇಬರು ನೀರು ಕೇಳುತ್ತಿದ್ದರಂತೆ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಮ್ಮ ಮಾತ್ರ ನಗುತ್ತಿರಲಿಲ್ಲ. ಒಂದು ಸಲ ಬಟ್ಟೆ ಮಡಿಸುತ್ತಾ ಅವಳೇ ಕೇಳಿದಳು.

"ಹುಟ್ಟಿದ್ದು ಇರಲಿ. ಕೊನೆಗೆ ಎಲ್ಲ ಆರಿಹೋಗುತ್ತೆ ಅಂತೀಯಲ್ಲ, ಅದು ನಿಜವೇನೇ?"

"ಈಗ ತಿಳಿದಿರೋ ಮಟ್ಟಿಗೆ ಹಾಗೇ ಕಾಣುತ್ತಮ್ಮ."

"ಇಷ್ಟೆಲ್ಲ ಕಷ್ಟಪಟ್ಟು ಮಾಡಿದವನು ಕೊನೆಗೆ ಆರಿಹೋಗೋಕೆ ಯಾಕೆ ಬಿಡ್ತಾನೆ?"

ಅಕ್ಕ ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಆಗ ಹೊಳೆಯಿತು. ದೇವರಿಲ್ಲ ಎನ್ನುವವರಿಗೆ ವಿಶ್ವದ ಹುಟ್ಟು ಕಷ್ಟ, ಇದ್ದಾನೆ ಎನ್ನುವವರಿಗೆ ಅದರ ಕೊನೆ ಕಷ್ಟ. ನಮ್ಮಕ್ಕನಿಗೆ ಎರಡೂ ಕಷ್ಟ, ಯಾಕೆಂದರೆ ಅವಳು ಎರಡನ್ನೂ ಮೈಕಿನಲ್ಲಿ ಹೇಳಬೇಕಿತ್ತು.

ಕೊನೆಗೆ ಸಮಿತಿಯವರು ಒಂದು ದಾರಿ ಹುಡುಕಿದರು. ಆಹ್ವಾನಿತರ ಮುಂದೆ ಒಂದು ಪರೀಕ್ಷಾ ಪ್ರದರ್ಶನ. ಯಾವ ಸಾಲು ಹೇಳುವುದೆಂದು ಅಕ್ಕನೇ ಆರಿಸಲಿ. ಅಷ್ಟೇ ಆಗಿದ್ದರೆ ಸರಿ. ಜೊತೆಗೆ ಇನ್ನೊಂದು ಬಾಲ ಸೇರಿಸಿದರು. ಅಂದಿನ ಪ್ರದರ್ಶನ ಸರಿಬರದಿದ್ದರೆ ಬೇರೊಬ್ಬರ ದನಿಯಲ್ಲಿ ರೆಕಾರ್ಡ್ ಮಾಡಿಸಿ ಹಾಕುವುದು, ಕ್ರಮೇಣ ಉಳಿದ ಪ್ರದರ್ಶನಗಳಿಗೂ ಅದೇ. ಅಕ್ಕ ಮತ್ತೆ ಬಾಗಿಲಿಗೆ ಹೋಗಬಹುದು, ಕೆಲಸಕ್ಕೇನೂ ತೊಂದರೆ ಇಲ್ಲ ಎಂದರು. ತೊಂದರೆ ಇಲ್ಲವಂತೆ! ನನಗೆ ಮೈಯೆಲ್ಲ ಉರಿಯಿತು.

"ಯಾವುದೋ ಒಂದು ಸಾಲು ಹೇಳಿಬಿಡಕ್ಕ," ಅಂದೆ. "ಹೇಳಿ ಮೈಕು ಉಳಿಸಿಕೋ. ದೇವರೇನೂ ಬೇಜಾರು ಮಾಡ್ಕೊಳಲ್ಲ, ಇದ್ದರೂ ಇಲ್ಲದಿದ್ದರೂ."

"ಈ ವಿಷಯದಲ್ಲಿ ಬಾಗಿಲು ಯಾವ ಕಡೆ ಇದೆ ಅಂತ ನನಗೆ ಗೊತ್ತಿಲ್ಲ ಕಣೇ," ಅಂದಳು. ಅಷ್ಟೇ ಅಂದಳು.

ಪರೀಕ್ಷಾ ಪ್ರದರ್ಶನದ ಮಧ್ಯಾಹ್ನ ಅಮ್ಮ ತಾನಾಗಿ ಹೊರಟು ನಿಂತದ್ದು ನೋಡಿ ನನಗೆ ಆಶ್ಚರ್ಯ. ಏನೇ ಹೇಳಲಿ, ನನ್ನ ಎದುರಿಗೇ ಹೇಳಲಿ ಅಂದಳು. ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತೆವು. ಮುಂದೆ ಒಂದು ಪಕ್ಕ ನಿರ್ದೇಶಕಿ, ಇನ್ನೊಂದು ಪಕ್ಕ ಜಡ್ಜ್ ಸಾಹೇಬರು, ನಡುವೆ ಖಾಲಿ ಕುರ್ಚಿ. ಸೂರ್ಯ ಮುಳುಗಿದ. ಅಕ್ಕ ಮಾತು ಶುರುಮಾಡಿದಳು. ಮನೆಯಲ್ಲಿ ಉಪ್ಪು ಕೊಡು ಎನ್ನುವ ದನಿಯೇ ಅದು, ಆದರೆ ಅಲ್ಲಿ ಕೇಳಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ವಿಶ್ವ ಹುಟ್ಟಿತು, ಹರಡಿತು, ತುಂಬಿಕೊಂಡಿತು. ಆಮೇಲೆ ನಕ್ಷತ್ರಗಳು ಒಂದೊಂದಾಗಿ ಆರತೊಡಗಿದವು. ಕೊನೆಯದೊಂದು ಕೆಂಪಗೆ ಉಳಿದಿತ್ತು. ಅದೂ ಹೋಯಿತು. ಅಮ್ಮ ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಒತ್ತುವಷ್ಟು ಬಿಗಿಯಾಗಿ.

ಕತ್ತಲು. ನಾನೇ ಹೊಲಿದ ಪರದೆಯ ಸಂದಿನಲ್ಲೂ ಬೆಳಕಿಲ್ಲ. ಅಕ್ಕ ಹೇಳಿದಳು:

"ಇದೆಲ್ಲ ಶುರುವಾದ ಕ್ಷಣದ ಹತ್ತಿರದವರೆಗೆ ನಮಗೆ ತಿಳಿದಿದೆ. ಅದರ ಹಿಂದೆ ಯಾರಾದರೂ ಇದ್ದಾರೆಯೇ, ಎಲ್ಲ ಆರಿದ ಮೇಲೆ ಯಾರಾದರೂ ಉಳಿಯುತ್ತಾರೆಯೇ? ಇದ್ದಾರೆ ಎನ್ನುವವರು ಇಲ್ಲಿ ಕೂತಿದ್ದಾರೆ, ಇಲ್ಲ ಎನ್ನುವವರೂ ಕೂತಿದ್ದಾರೆ. ನನಗೆ ಗೊತ್ತಿಲ್ಲ."

ಎರಡೂ ಸಾಲನ್ನು ಬಿಟ್ಟಳಲ್ಲ, ಮೈಕು ಹೋಯಿತು ಎಂದು ನನ್ನ ಎದೆ ಧಸಕ್ಕೆಂದಿತು. ಹೋದರೆ ಹೋಗಲಿ, ಎಂಥ ಮಾತು ಹೇಳಿದಳು ಎಂದು ಅದೇ ಎದೆ ಉಬ್ಬಿತು ಕೂಡ.

ಅಷ್ಟರಲ್ಲಿ ಗುಮ್ಮಟದ ಅಂಚು ನಸುಗೆಂಪಾಯಿತು.

ಮಾತು ಮುಗಿಯಿತಲ್ಲ, ಅವಳ ಎಡಗೈ ತನ್ನ ಕೆಲಸ ತಾನು ಮಾಡಿಬಿಟ್ಟಿತ್ತು. ವಿಶ್ವವೆಲ್ಲ ಆರಿ ತಣ್ಣಗಾದ ಮೇಲೆ, ನಮ್ಮೂರಿನ ಮಾಳಿಗೆಗಳ ಹಿಂದಿನಿಂದ ಸೂರ್ಯ ದಿನದಂತೆ ಎದ್ದು ಬಂದ. ಜನ ಘೊಳ್ಳೆಂದು ನಕ್ಕರು. ನಿರ್ದೇಶಕಿ ತಲೆಯ ಮೇಲೆ ಕೈ ಹೊತ್ತುಕೊಂಡರು. ಜಡ್ಜ್ ಸಾಹೇಬರು ಚಪ್ಪಾಳೆ ತಟ್ಟುತ್ತಾ ಎದ್ದೇ ನಿಂತರು.

"ಇದೇ, ಇದೇ ನಾನು ಹೇಳಿದ್ದು," ಅಂದರು. "ಮತ್ತೆ ಬೆಳಗಾಗುತ್ತೆ. ಮಾಡುವವನು ಇದ್ದಾನೆ. ಆಯಮ್ಮ ಬಾಯಲ್ಲಿ ಹೇಳದಿದ್ದರೂ ಕೈಯಲ್ಲಿ ತೋರಿಸಿದಳು."

ಅರ್ಧ ಗುಮ್ಮಟ ಚಪ್ಪಾಳೆ ತಟ್ಟಿತು. ಅಮ್ಮನ ಮುಖದ ಮೇಲೆ ಆ ಸೂರ್ಯನ ಬೆಳಕು ಬಿದ್ದಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಅಕ್ಕ ಸುಮ್ಮನಿದ್ದಿದ್ದರೆ ಸಾಕಿತ್ತು. ಅಧ್ಯಕ್ಷರು ಒಲಿದಿದ್ದರು, ಜನ ಖುಷಿಯಾಗಿದ್ದರು, ಮೈಕು ಅವಳ ಕೈಯಲ್ಲೇ ಉಳಿಯುತ್ತಿತ್ತು. ಸುಮ್ಮನಿರಕ್ಕ, ಸುಮ್ಮನಿರು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ತಪ್ಪಾಯ್ತು," ಎಂದಿತು ಮೈಕು. "ದಯವಿಟ್ಟು ಕೂತ್ಕೊಳ್ಳಿ ಸರ್. ಈ ಸೂರ್ಯ ನನ್ನ ಕೈತಪ್ಪು. ದಿನಾ ತಿರುಗಿಸೋ ಗುಂಡಿ, ಅಭ್ಯಾಸದಿಂದ ತಿರುಗಿಸಿಬಿಟ್ಟೆ. ಇದನ್ನ ಯಾವುದಕ್ಕೂ ಸಾಕ್ಷಿ ಅಂತ ತಗೋಬೇಡಿ."

ಎಲ್ಲರೂ ನೋಡುತ್ತಿದ್ದಂತೆ ಅವಳು ಸೂರ್ಯನನ್ನು ಹುಟ್ಟಿದ ಜಾಗಕ್ಕೇ ವಾಪಸು ಇಳಿಸಿದಳು. ಮತ್ತೆ ಕತ್ತಲು. ಈ ಸಲದ ಕತ್ತಲು ಮೊದಲಿನದಕ್ಕಿಂತ ಗಟ್ಟಿಯಾಗಿತ್ತು. ಎಲ್ಲೋ ಒಂದು ಮಗು ಮುಸುಮುಸು ಅಳತೊಡಗಿತು.

"ನಾನು ಇಲ್ಲೇ ಇದ್ದೀನಿ," ಅಂದಳು ಅಕ್ಕ. "ಬಾಗಿಲು ನಿಮ್ಮ ಬಲಕ್ಕಿದೆ. ಅದು ನನಗೆ ಖಂಡಿತ ಗೊತ್ತು. ಈಗ ದೀಪ ಹಾಕ್ತೀನಿ, ಕಣ್ಣಿಗೆ ಕೈ ಅಡ್ಡ ಇಟ್ಕೊಳ್ಳಿ."

ಆಮೇಲೆ ಪಕ್ಕದ ಕೋಣೆಯಲ್ಲಿ ಸಮಿತಿ ಸೇರಿತು. ಬಾಗಿಲು ಅರ್ಧ ತೆರೆದಿತ್ತು, ನಾನು ಕಿವಿ ಅಲ್ಲೇ ಇಟ್ಟಿದ್ದೆ. ರೆಕಾರ್ಡ್ ಆಗಿದ್ದರೆ ಈ ಅವಾಂತರ ಆಗುತ್ತಿರಲಿಲ್ಲ ಎಂದು ಯಾರೋ ಅಂದರು. ದೂರದಿಂದ ಬಂದವರನ್ನು ಗೊತ್ತಿಲ್ಲ ಎಂದು ಹೇಳಿ ಕಳಿಸುವುದೇ ಎಂದು ಜಡ್ಜ್ ಸಾಹೇಬರು ಗುಡುಗಿದರು.

"ಆ ಗೊತ್ತಿಲ್ಲ ನಿಮ್ಮ ಸಾಲಿಗಿಂತ ವಾಸಿ ಸರ್," ಅಂದರು ನಿರ್ದೇಶಕಿ.

"ನಿಮ್ಮ ಸಾಲಿಗಿಂತಲೂ ವಾಸಿ," ಅಂದರು ಜಡ್ಜ್ ಸಾಹೇಬರು.

ಇಬ್ಬರೂ ಒಪ್ಪಿದ ಮೊದಲ ಮಾತು ಅದೇ ಇರಬೇಕು. ತನ್ನ ಸಾಲು ಗೆಲ್ಲುವುದಿಲ್ಲವಾದರೆ ಎದುರಿನವರದ್ದೂ ಗೆಲ್ಲಬಾರದು, ಅಷ್ಟೇ. ಹೀಗೆ ಅಕ್ಕನ "ಗೊತ್ತಿಲ್ಲ" ಉಳಿಯಿತು. ಅದನ್ನು ಬೇರೆ ದನಿಯಲ್ಲಿ ಹೇಳಿಸಿದರೆ ಚೆನ್ನಾಗಿರುವುದಿಲ್ಲ ಎಂದು ನಿರ್ದೇಶಕಿಯೇ ಪಟ್ಟು ಹಿಡಿದರು, ಹಾಗಾಗಿ ಮೈಕೂ ಉಳಿಯಿತು. ಒಂದೇ ಷರತ್ತು. ಆ ಪ್ರದರ್ಶನದ ಹೊತ್ತಿಗೆ ಸೂರ್ಯೋದಯದ ಗುಂಡಿಗೆ ಟೇಪು ಸುತ್ತಬೇಕು. ಇವತ್ತಿಗೂ ಸುತ್ತುತ್ತಾರೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಅಮ್ಮ, ನಾನು ಹಿಂದಿನ ಸೀಟಿನಲ್ಲಿ ಕೂತೆವು. ಅಕ್ಕ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು, ಅಮ್ಮನ ಕಡೆ ತಿರುಗುವ ಧೈರ್ಯ ಅವಳಿಗೆ ಇರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಮ್ಮ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ತೋಳು ತಟ್ಟಿದಳು.

"ಅಲ್ಲಿ ಕೂತಿದ್ದಾಳಲ್ಲ, ನನ್ನ ದೊಡ್ಡ ಮಗಳು. ಅವಳಿಗೆ ಗೊತ್ತಿಲ್ಲವಂತೆ. ಇವತ್ತು ಅಷ್ಟು ಜನರ ಮುಂದೆ ಮೈಕಿನಲ್ಲಿ ಹೇಳಿದಳು."

"ಏನು ಗೊತ್ತಿಲ್ಲವಂತೆ?"

"ದೇವರಿದ್ದಾನೋ ಇಲ್ಲವೋ ಅಂತ."

"ಅಯ್ಯೋ ಪಾಪ," ಅಂದರು ಆ ಹೆಂಗಸು.

"ಪಾಪ ಯಾಕೆ?" ಅಮ್ಮ ಕುತ್ತಿಗೆ ನೆಟ್ಟಗೆ ಮಾಡಿ ಕೂತಳು. ಮುಂದಿನ ಸೀಟಿಗೂ ಕೇಳಿಸಲಿ ಎಂದೇ ದನಿ ಏರಿಸಿದಳು. "ನನಗೆ ಗೊತ್ತಿದೆ, ನಾನು ಮನೆಯಲ್ಲಿ ಕೂತು ಹೇಳ್ತೀನಿ. ಅವಳು ಕತ್ತಲಲ್ಲಿ ಕೂತವರಿಗೆ ಹೇಳೋಳು. ಅವಳು ಸುಳ್ಳು ಹೇಳಬಾರದು."

ಅಕ್ಕ ತಿರುಗಲಿಲ್ಲ. ಕಿಟಕಿಯ ಪಕ್ಕ ಅವಳ ಎಡಗೈ ಮಾತ್ರ ಮೆಲ್ಲಗೆ ತಿರುಗಿತು.