ಸಿದ್ದಮ್ಮನ ಮಾತಿನ ಉಳಿದರ್ಧ

ಮಾಗಡಿಯ ನಟರಾಜು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಉದಯಶಂಕರ ಕ್ಯಾಮೆರಾದ ಕೆಂಪು ದೀಪವನ್ನು ಅಪಾಯದ ದೀಪವೆಂದು ತಿಳಿದಿದ್ದ. ಟ್ರಾನ್ಸ್‌ಫಾರ್ಮರಿನ ಮೇಲಾಗಲಿ, ಲಾರಿಯ ಹಿಂದಾಗಲಿ, ಕೆಂಪು ಎಂದರೆ ಹುಷಾರು ಎಂದೇ ಅಲ್ಲವೆ? ಹಾಗಾಗಿ ಕುದೂರಿನ ಒಂದು ಮದುವೆಯಲ್ಲಿ ದೀಪ ಹತ್ತಿಕೊಂಡಾಗಲೆಲ್ಲ ಗಾಬರಿಯಿಂದ ಗುಂಡಿ ಒತ್ತಿ ಆರಿಸಿದ. ಆರಿದ ಮೇಲೆ ಒಂದು ಕಣ್ಣು ಮುಚ್ಚಿ, ನಾಲಗೆ ಕಚ್ಚಿ, ಧಾರೆ, ತಾಳಿ, ಸಪ್ತಪದಿ ಎಲ್ಲವನ್ನೂ ಮಹಾ ಕಲಾವಿದನ ಹಾಗೆ ಹಿಡಿದ. ಅತ್ತಿತ್ತ ಓಡಾಡುವಾಗ ಅದೇ ಗುಂಡಿ ಒತ್ತಿ ‘ಆಫ್’ ಮಾಡಿ ಕ್ಯಾಮೆರಾವನ್ನು ಕೈಯಲ್ಲಿ ಇಳಿಬಿಟ್ಟುಕೊಂಡ. ಸ್ಟುಡಿಯೋಕ್ಕೆ ಬಂದು ಟೇಪು ಹಾಕಿ ನೋಡಿದರೆ ತಾಳಿಯೂ ಇಲ್ಲ, ಮದುಮಗನೂ ಇಲ್ಲ. ಇದ್ದದ್ದು ಚಪ್ಪಲಿಗಳ ರಾಶಿ, ಎಲೆ ಎತ್ತುವವನ ಹಿಮ್ಮಡಿ, ಜಮಖಾನದ ಮೇಲೆ ಚೆಲ್ಲಿದ ಅಕ್ಷತೆ.

“ಏನ್ಲಾ ಇದು? ಮದ್ವೆಗೋಗಿದ್ಯಾ, ಚಪ್ಲಿ ಕಾಯಕ್ಕೋಗಿದ್ಯಾ?” ಎಂದ ನಟರಾಜು.

ಬೇರೆ ಯಜಮಾನನಾಗಿದ್ದರೆ ಕತ್ತು ಹಿಡಿದು ಬಸ್ ಸ್ಟ್ಯಾಂಡಿಗೆ ದಬ್ಬುತ್ತಿದ್ದ. ನಟರಾಜು ಒಂದು ಟೀ ತರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಸೋಲೂರಿನ ಯಾವುದೋ ಮದುವೆಯಿಂದ ತಾಳಿ ಕಟ್ಟುವ ಕೈಗಳನ್ನು ತಂದ. ಇನ್ನೊಂದರಿಂದ ಓಲಗ ತಂದ. ಹೊಂದದ ಕಡೆ ಗುಲಾಬಿ ಹೂವು ಅರಳಿಸಿ ಮುಚ್ಚಿದ. ಸೀಡಿ ನೋಡಿದ ಹುಡುಗಿಯ ತಾಯಿ ಕಣ್ಣೊರೆಸಿಕೊಂಡು, “ನಮ್ ಹುಡ್ಗಿ ಕುತ್ಗೆ ಎಷ್ಟು ಲಕ್ಷಣವಾಗಿ ಬಂದೈತೆ ನೋಡಿ” ಎಂದರು. ಕುತ್ತಿಗೆ ಸೋಲೂರಿನದು. ಅಂದಿನಿಂದ ಉದಯನಿಗೆ ನಟರಾಜು ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ.

ನಟರಾಜು ಕುದೂರು ಕಡೆಯ ಬೇಸಾಯಗಾರರ ಮಗ. ಹೊಲದ ಕೆಲಸ ಮೈಗೆ ಹತ್ತಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳ ಹಾಲ್ ಟಿಕೆಟ್ಟಿಗೆ ಫೋಟೋ ತೆಗೆಯುತ್ತಾ ಶುರುಮಾಡಿ, ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾಕ್ಕೆ ಬಂದು, ಈಗ ಅಂಗೈಯಗಲದ ಡಿಜಿಟಲ್ ಕ್ಯಾಮೆರಾಕ್ಕೆ ಇಳಿದಿದ್ದ. ಅವನು ಮೊಟ್ಟಮೊದಲು ವಿಡಿಯೋ ಮಾಡಿದ್ದು ಸಿದ್ದಮ್ಮನ ಮಗಳು ಪುಟ್ಟಿಯ ಮದುವೆ. ಅವತ್ತು ಬಂಧುಗಳೆಲ್ಲ, “ಈ ಹೈದ ಏನ್ ಹಿಡ್ದಾನು” ಎಂದು ನಕ್ಕಾಗ ಸಿದ್ದಮ್ಮ, “ಹಿಡೀತಾನೆ ಬುಡ್ರಪ್ಪ, ಯಾರಾದ್ರೂ ಮೊದ್ಲು ನಂಬ್ಬೇಕಲ್ಲ” ಎಂದು ಅವನಿಗೆ ಬೀಗರ ಪಂಕ್ತಿಯಲ್ಲೇ ಎಲೆ ಹಾಕಿಸಿದ್ದಳು. ನಟರಾಜು ಇದನ್ನು ಉದಯನಿಗೆ ಎಷ್ಟೋ ಸಲ ಹೇಳಿದ್ದಾನೆ.

ಸಿದ್ದಮ್ಮನದು ರೇಷ್ಮೆ ಹುಳುವಿನ ಬದುಕು. ಹಳ್ಳದ ದಂಡೆಯಲ್ಲಿ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡು ಹುಳುವಿನ ಮನೆ. ಬೀಡಿ ಸೇದಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವವಳು. “ನೀನ್ ಕೆಮ್ಮುದ್ರೆ ಆಸ್ಪತ್ರೆ ಐತೆ, ನನ್ ಹುಳ ಕೆಮ್ಮಾಕಿಲ್ಲ, ಸುಮ್ಕೆ ಸತ್ತೋಯ್ತದೆ” ಎನ್ನುವಳು.

ರಾಮನಗರ ಜಿಲ್ಲೆಯಾದ ಮರುವರ್ಷ ಆ ಹಳ್ಳದ ಮೇಲುಭಾಗದಲ್ಲಿ ಕಬ್ಬಿಣವನ್ನು ಆಸಿಡ್‌ನಲ್ಲಿ ತೊಳೆದು ಸತುವಿನ ಲೇಪ ಹಾಕುವ ಕಾರ್ಖಾನೆ ಬರುತ್ತದೆಂದು ಸುದ್ದಿಯಾಯಿತು. ಬಿಡದಿಯಲ್ಲಿ ಜಾಗ ಸಾಲದೆ ಕಾರ್ಖಾನೆಗಳು ಮಾಗಡಿ ದಾರಿ ಹಿಡಿದಿದ್ದ ಕಾಲ. ಆದರೆ ಅನುಮತಿಗೆ ಮೊದಲು ಊರವರನ್ನು ಕೂರಿಸಿ ಕೇಳಬೇಕು, ಅವರ ಮಾತನ್ನು ವಿಡಿಯೋ ಮಾಡಿ ಮೇಲಕ್ಕೆ ಕಳಿಸಬೇಕು ಎಂಬ ನಿಯಮವಿತ್ತು. ವಿಡಿಯೋ ಕೆಲಸ ನಟರಾಜುವಿಗೆ ಸಿಕ್ಕಿತು. ಕರೆದದ್ದೂ ದುಡ್ಡು ಕೊಟ್ಟದ್ದೂ ಕಂಪನಿಯವರು.

ಉದಯನಿಗೆ ಇದು ಯುಗವೇ ಬದಲಾದಂತೆ ಕಂಡಿತು. ಹಳ್ಳಿಯ ಹೆಂಗಸು ಇಲ್ಲಿ ಮಾತಾಡಿದರೆ ದೊಡ್ಡ ಆಫೀಸಿನಲ್ಲಿ ಅವಳ ಮುಖವೇ ಮಾತಾಡುತ್ತದೆ! ತಾನೇ ಇದನ್ನು ಕಂಡುಹಿಡಿದವನಂತೆ ಸಿದ್ದಮ್ಮನ ಮನೆಗೆ ಹೋಗಿ ಭಾಷಣ ಬಿಗಿದ.

“ಪೇಪರ್ ಮೇಲೆ ಹೆಬ್ಬೆಟ್ ಒತ್ತಿಸ್ಕಂಡು ಏನ್ ಬೇಕಾದ್ರೂ ಬರ್ಕೊಬೋದು ದೊಡ್ಡಮ್ಮ. ಕ್ಯಾಮೆರಾದಲ್ಲಿ ಅದಾಗಲ್ಲ. ನಿಮ್ ಬಾಯಿ, ನಿಮ್ ಮಾತು.”

ಸಿದ್ದಮ್ಮ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸದೆ ಕೇಳಿದಳು: “ಹಿಡಿಯೋನ್ ಯಾರು?”

“ನಟರಾಜಣ್ಣಾನೇ.”

“ನಟರಾಜಾನಾ? ಅಂಗಾದ್ರೆ ಬತ್ತೀನಿ.”

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಸಭೆ ಸೇರಿತು. ಆ ಕಡೆಯ ಹಿರಿಯರ ಮಾತಿಗೆ ಒಂದು ನಡೆಯಿದೆ. ಎದುರು ಬಂದವರಿಗೆ ಮೊದಲೇ ‘ಇಲ್ಲ’ ಎಂದು ಮುಖ ಮುರಿಯುವುದಿಲ್ಲ. ಇಷ್ಟವಿಲ್ಲದ ಕಡೆಯವರು ಹೆಣ್ಣು ಕೇಳಲು ಬಂದರೂ ಮೊದಲು ‘ಆಗ್ಲಿ, ಅದಕ್ಕೇನಂತೆ’ ಎಂದು ಕಾಫಿ ಕೊಟ್ಟು, ಆಮೇಲೆ ‘ಆದ್ರೆ’ ತೆಗೆಯುತ್ತಾರೆ. ಕೇಳುವವರೂ ಅಲ್ಲಿವರೆಗೆ ಕಾಯುತ್ತಾರೆ, ನಿಜವಾದ ಮಾತು ಅದರಾಚೆ ಇರುತ್ತದೆಂದು ಎಲ್ಲರಿಗೂ ಗೊತ್ತು. ಸಿದ್ದಮ್ಮನೂ ಸೆರಗು ಹೊದ್ದು, ಕೈಮುಗಿದು, ಹಾಗೆಯೇ ಶುರುಮಾಡಿದಳು.

“ಬರ್ಲಿ ಸ್ವಾಮಿ, ಕಾರ್ಖಾನೆ ಬರ್ಲಿ. ನಮ್ ಹುಡುಗ್ರಿಗೂ ಕೆಲ್ಸ ಸಿಗ್ಲಿ. ನಾವ್ಯಾಕೆ ಬ್ಯಾಡ ಅನ್ನಾಣ? ಆದ್ರೆ ಆಸಿಡ್ ತೊಳ್ದ ನೀರು ಹಳ್ಳಕ್ಕೆ ಬುಡಾಕಿಲ್ಲ, ಹೊಗೆ ನಮ್ ಸೊಪ್ಪಿನ್ ಮ್ಯಾಲೆ ಬರಾಕಿಲ್ಲ ಅಂತ ಆ ಸಾಹೇಬ್ರು ಇಲ್ಲೇ, ಈ ಕ್ಯಾಮ್ರಾ ಮುಂದೇನೇ ಮಾತು ಕೊಡ್ಲಿ. ಕೊಡದಿದ್ರೆ ಈ ಕಾರ್ಖಾನೆ ನಮ್ಗೆ ಬ್ಯಾಡ.”

ಹೇಳಿ ಕೂರಲಿಲ್ಲ, ನಿಂತು ಕಾದಳು. ಕಂಪನಿಯ ಸಾಹೇಬರು ಬಾಟಲಿಯ ಮುಚ್ಚಳ ತಿರುಗಿಸಿ ನೀರು ಕುಡಿದರು. ಮತ್ತೆ ಕುಡಿದರು. ಮುಂದಿನವರನ್ನು ಕರೆಯಿರಿ ಎಂದು ಕೈಸನ್ನೆ ಮಾಡಿದರು. ಲೈಟು ಹಿಡಿದಿದ್ದ ಉದಯ ಕ್ಯಾಮೆರಾದ ಕಡೆ ನೋಡಿದ: ಕೆಂಪು ದೀಪ ಉರಿಯುತ್ತಿತ್ತು. ಅದು ಉರಿದರೆ ಮಾತು ಟೇಪಿಗೆ ಇಳಿಯುತ್ತಿದೆ ಎಂದು ಈಗ ಅವನಿಗೆ ಗೊತ್ತಿತ್ತಲ್ಲ, ಎದೆ ತುಂಬಿ ಬಂತು.

ಕೆಲವು ತಿಂಗಳಲ್ಲಿ ಅನುಮತಿ ಬಂತು. ಹಳ್ಳದ ಮೇಲೆ ಜೆಸಿಬಿ ಇಳಿಯಿತು. ಕೇಳಲು ಹೋದವರಿಗೆ ಸಿಕ್ಕ ಉತ್ತರ ಒಂದೇ: ಊರವರು ಒಪ್ಪಿದ್ದಾರೆ, ಸೀಡಿ ಇದೆ. ಸಿದ್ದಮ್ಮ ಉದಯನನ್ನು ಕರೆದುಕೊಂಡು ಪಂಚಾಯ್ತಿ ಆಫೀಸಿಗೆ ಹೋದಳು. ಅಲ್ಲಿಗೆ ಬಂದಿದ್ದ ಪ್ರತಿಯನ್ನು ಕಂಪ್ಯೂಟರ್ ಕೆಲಸದ ಶ್ರುತಿ ಹಾಕಿದಳು. ಊರಿನ ನಾಲ್ಕಾರು ಜನ ಹಿಂದೆ ನಿಂತು ಇಣುಕಿದರು.

ಪರದೆಯ ಮೇಲೆ ಸಿದ್ದಮ್ಮ ಸೆರಗು ಹೊದ್ದಳು, ಕೈಮುಗಿದಳು. “ಬರ್ಲಿ ಸ್ವಾಮಿ, ಕಾರ್ಖಾನೆ ಬರ್ಲಿ. ನಮ್ ಹುಡುಗ್ರಿಗೂ ಕೆಲ್ಸ ಸಿಗ್ಲಿ. ನಾವ್ಯಾಕೆ ಬ್ಯಾಡ ಅನ್ನಾಣ?” ಆಮೇಲೆ ಚಪ್ಪಾಳೆ. ಜೋರು ಚಪ್ಪಾಳೆ. ಅವತ್ತು ಶಾಮಿಯಾನದಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಆ ಸದ್ದು ಸೋಲೂರಿನದೋ ಕುದೂರಿನದೋ ಎಂದು ಉದಯ ಲೆಕ್ಕ ಹಾಕುತ್ತಿರುವಾಗಲೇ ಪರದೆಯ ಮೇಲೆ ಒಂದು ಗುಲಾಬಿ ಅರಳಿತು.

ಹಿಂದೆ ನಿಂತಿದ್ದ ಕೆಂಪಯ್ಯ, ಸಿದ್ದಮ್ಮನ ಪಕ್ಕದ ತೋಟದವನು, ಮೆಲ್ಲಗೆ ಅಂದ: “ನೀನೇ ಒಪ್ಕಂಡ್ ಬಂದಿದ್ಯಲ್ಲ ಸಿದ್ದಮ್ಮ. ನಮ್ಗೊಂದ್ ಮಾತು ಯೋಳೋದಲ್ವಾ?”

“ನೀನೂ ಅಲ್ಲೇ ಇದ್ಯಲ್ಲೋ ಕೆಂಪಯ್ಯ!”

“ಇದ್ದೆ. ಇದ್ರಲ್ಲಿ ಹಿಂಗೈತಲ್ಲ.”

ಸಿದ್ದಮ್ಮ ಪರದೆಯ ಹತ್ತಿರ ಹೋಗಿ ತನ್ನ ಮುಖವನ್ನೇ ನೋಡಿದಳು. “ಸುಳ್ಳು ಅನ್ನಾಕೂ ಆಗಕಿಲ್ವಲ್ಲ. ಮುಖಾನೂ ನಂದೇ, ಮಾತೂ ನಂದೇ” ಎಂದಳು.

ಮೂಲ ಟೇಪು ಇದ್ದೇ ಇರುತ್ತದೆ ಎಂದು ಉದಯ ಸ್ಟುಡಿಯೋಕ್ಕೆ ಓಡಿದ. ಬೀರು ತಡಕಿದಾಗ ಟೇಪು ಸಿಕ್ಕಿತು. ಹಾಕಿ ನೋಡಿದರೆ ಯಾರದೋ ಮನೆಯ ನಾಮಕರಣ; ತೊಟ್ಟಿಲಲ್ಲಿ ಮಗು ಕಿರುಚುತ್ತಿತ್ತು. ಸಭೆಯ ಟೇಪನ್ನು ಅಳಿಸಿ ಅದರ ಮೇಲೆಯೇ ಇದನ್ನು ತುಂಬಿಸಿದ್ದರು. ಆ ನಾಮಕರಣಕ್ಕೆ ಲೈಟು ಹಿಡಿದವನೂ ಅವನೇ. ಕ್ಯಾಮೆರಾಕ್ಕೆ ಯಾವ ಟೇಪು ಹಾಕಿದ್ದಾರೆಂದು ನೋಡುವಷ್ಟು ಬುದ್ಧಿ ಮಾತ್ರ ಇರಲಿಲ್ಲ.

“ಏನ್ ಹುಡುಕ್ತಿದ್ದೀಯ?” ನಟರಾಜು ಬಾಗಿಲಲ್ಲಿ ನಿಂತಿದ್ದ.

ಉತ್ತರ ಹೇಳುವ ಕಷ್ಟ ಉದಯನಿಗೆ ಬರಲಿಲ್ಲ. ಬಸ್ ಇಳಿದು ಸಿದ್ದಮ್ಮನೇ ಒಳಗೆ ಬಂದಿದ್ದಳು. ನಟರಾಜು ಗಡಬಡಿಸಿ ಕುರ್ಚಿ ಒರೆಸಿದ.

“ಬಾ ಸಿದ್ದಕ್ಕ, ಕೂತ್ಕೋ. ಲೋ ಉದಯ, ಅಕ್ಕನಿಗೆ ಒಂದ್ ಟೀ ಯೋಳ್ಲಾ.”

“ಟೀ ಬ್ಯಾಡ. ನನ್ ಮಾತಿನ್ ಉಳಿದರ್ಧ ಎಲ್ಲೋಯ್ತಪ್ಪ?”

“ಅದು... ಸೀಡೀಲಿ ಜಾಗ ಸಾಲ್ದು ಅಕ್ಕ. ಎಲ್ರುದೂ ಒಸಿ ಒಸಿ ಕತ್ತರಿಸ್ಲೇಬೇಕು.”

“ಹೂವ ಅರಳಿಸಾಕೆ ಜಾಗ ಇತ್ತಲ್ಲ?”

ನಟರಾಜು ಮೌಸನ್ನು ಅತ್ತಿತ್ತ ಸರಿಸಿದ. “ಮೇಲಿನೋರು ಯೋಳಿದಂಗೆ...”

“ಮೇಲಿನೋರ್ ಮಾತು ಬುಡು. ಅವ್ರು ಯಾರು ಅಂತ ನಂಗೊತ್ತಿಲ್ಲ, ಅವ್ರಿಗೆ ನಾನ್ ಗೊತ್ತಿಲ್ಲ. ಊರೋರು ನನ್ ಮನೆ ಜಗ್ಲಿ ಹತ್ತಾದು ಬುಟ್ಟವ್ರೆ. ದುಡ್ ತಿಂದೆ ಅಂತವ್ರೆ. ನಾನ್ ಆ ಸಭೆಗೆ ಬಂದಿದ್ದು ಕ್ಯಾಮ್ರಾ ನಂಬ್ಕಂಡಲ್ಲ ಕಣೋ, ನಿನ್ ನಂಬ್ಕಂಡು. ನಮ್ಮನೇಲಿ ಉಂಡೋನು ನೀನು. ಯಾಕ್ ಕತ್ತರಿಸ್ದೆ? ಅದೊಂದ್ ಯೋಳ್ಬುಡು, ಒಂಟೋಯ್ತೀನಿ.”

ಉದಯ ಯಜಮಾನನ ಮುಖ ನೋಡಿದ. ಹೆದರಿಸಿದರು ಎನ್ನಲಿ, ಕೈತಪ್ಪಾಯಿತು ಎನ್ನಲಿ, ಸುಳ್ಳಾದರೂ ಸರಿ ಏನಾದರೊಂದು ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ನಟರಾಜು ತಲೆಯೆತ್ತಿ ಸಿದ್ದಮ್ಮನನ್ನು ನೇರವಾಗಿ ನೋಡಿದ.

“ಆವಾಗ ಆಷಾಢ ಕಣಕ್ಕ. ಒಂದು ಮದ್ವೇನೂ ಇರ್ಲಿಲ್ಲ.”